ಬೇಸಿಕ್ ಭಾಷೆಗೆ ಭಟ್ಟರ ಬುದ್ಧಿ

ಆ ಕಂಪ್ಯೂಟರಿಗೆ ನಾನು ಕೊಟ್ಟ ಬೆಲೆ ಒಂದು ಮದುವೆ. ಮದುವೆ ಎಂದರೆ ಗಂಡು ಹೆಣ್ಣು ಇಬ್ಬರನ್ನು ಬಿಟ್ಟು ಉಳಿದದ್ದೆಲ್ಲ ಎಂದು ತಿಳಿಯಿರಿ: ಮೂರು ದಿನಕ್ಕೆ ಶಾಮಿಯಾನ, ಐದು ಹಂಡೆ, ನಾಲ್ಕು ಕಡಾಯಿ, ಅನ್ನ ಬಸಿಯುವ ಬುಟ್ಟಿಗಳು, ಮುನ್ನೂರು ಲೋಟ, ಎಂಟು ಜಮಖಾನ, ಲಾರಿಯ ಖರ್ಚೂ ನನ್ನದೇ. ಕೊಂಡವನು ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ಪಾತ್ರೆ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ ನಾನು. ಮಾರಿದವರು ಲಿಂಗನಮಕ್ಕಿ ಅಣೆಕಟ್ಟಿನ ಕಾಲೋನಿಯಲ್ಲಿದ್ದ ಒಬ್ಬ ಎಂಜಿನಿಯರು. ಅವರಿಗೆ ವರ್ಗದ ಆರ್ಡರ್ ಬಂದಿತ್ತು, ತಂಗಿಗೆ ಗಂಡು ಗೊತ್ತಾಗಿತ್ತು, ಎರಡೂ ಒಂದೇ ವಾರದಲ್ಲಿ. ಇಂಥ ವಾರದಲ್ಲಿ ಮನುಷ್ಯನ ಮನೆಯೊಳಗಿನ ವಸ್ತುಗಳೆಲ್ಲ ತಮ್ಮಷ್ಟಕ್ಕೇ ಅಗ್ಗವಾಗುತ್ತವೆ ಎಂಬುದನ್ನು ನಾನು ವ್ಯಾಪಾರದ ಮೊದಲ ವರ್ಷದಲ್ಲೇ ಕಲಿತಿದ್ದೆ. ಅವರು ಯಂತ್ರ ಮಾತ್ರ ಕೊಡುತ್ತೇನೆಂದರು. ನಾನು ಟೇಪ್ ರೆಕಾರ್ಡರನ್ನೂ ದಪ್ಪನೆಯ ಪುಸ್ತಕವನ್ನೂ ಸೇರಿಸಿದೆ. ಅವರು ಒಪ್ಪಿದ ಮೇಲೆ, ಅದುವರೆಗೆ ಹೊಳೆಯದೇ ಹೋದದ್ದು ಈಗ ತಾನೆ ಹೊಳೆದವನಂತೆ, ಆರು ಭಾನುವಾರದ ಪಾಠವನ್ನೂ ಸೇರಿಸಿದೆ. ಅವರು ನಕ್ಕರು. ನಗುವವರ ಹತ್ತಿರ ಇನ್ನೊಂದು ಭಾನುವಾರ ಕೇಳಬಹುದಿತ್ತು ಅಂತ ಆಮೇಲೆ ಅನ್ನಿಸಿತು.

ಯಂತ್ರ ನೋಡಲು ಊಟದ ಮಣೆಗಿಂತ ಚಿಕ್ಕದು. ಮೈತುಂಬ ಇಂಗ್ಲಿಷ್ ಅಕ್ಷರದ ಗುಂಡಿಗಳು. ಅದನ್ನು ಟೀವಿಗೆ ಸಿಕ್ಕಿಸಬೇಕು, ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು. ನಮ್ಮ ಮನೆಯ ಟೀವಿ ಆಗ ಗುಡ್ಡಗಳ ಕೃಪೆಯಿಂದ ರವೆ ಉದುರಿಸುವುದನ್ನು ಬಿಟ್ಟು ಬೇರೇನನ್ನೂ ತೋರಿಸುತ್ತಿರಲಿಲ್ಲವಾದ್ದರಿಂದ, ಯಂತ್ರಕ್ಕೆ ಸಿಕ್ಕಿಸಿದ ದಿನ ಅದರ ಮೇಲೆ ಮೊದಲ ಸಲ ಏನೋ ಸ್ಪಷ್ಟವಾಗಿ ಕಂಡಿತು. ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, "ಅಂತೂ ಟೀವಿ ಸರಿಯಾಯ್ತಾ" ಎಂದಳು. ಯಂತ್ರಕ್ಕೆ ತಿಳಿಯುತ್ತಿದ್ದ ಭಾಷೆಯ ಹೆಸರು ಬೇಸಿಕ್. ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಟ್ಟು ಆಜ್ಞೆ ಬರೆದರೆ, ಆ ಸಂಖ್ಯೆಯ ಕ್ರಮದಲ್ಲಿ, ಹಿಂದೆ ಮುಂದೆ ನೋಡದೆ, ಹೇಳಿದ್ದನ್ನು ಮಾಡಿಕೊಂಡು ಹೋಗುವ ಭಾಷೆ. ಇಂಥ ಆಳು ಸಿಕ್ಕಿದರೆ ಯಾರಿಗೆ ಬೇಡ, ಹೇಳಿ.

ನನಗೆ ಅದು ಯಾಕೆ ಬೇಕಾಗಿತ್ತು ಎಂದರೆ, ಗಣಪಯ್ಯ ಭಟ್ಟರ ಕಣ್ಣು ಮಂಜಾಗುತ್ತಿತ್ತು. ಭಟ್ಟರು ಸಾಗರದ ಕಡೆಯವರು. ಮೂರು ತಾಲೂಕಿನ ಮದುವೆಗಳಿಗೆ ನಲವತ್ತು ವರ್ಷ ಅಡಿಗೆ ಮಾಡಿದವರು. ಅವರ ಹುಳಿಯನ್ನು ಹೊಗಳುವವರು ಬಹಳ ಜನ ಇದ್ದರು, ಆದರೆ ನಾನು ಹೊಗಳುತ್ತಿದ್ದದ್ದು ಅವರ ಅಂದಾಜನ್ನು. ಮದುವೆಯ ಮನೆಯವರೊಂದಿಗೆ ಹತ್ತು ನಿಮಿಷ ಮಾತಾಡಿ, "ಮಂಜಪ್ಪ, ಎಂಬತ್ತು ಸೇರು ಅಕ್ಕಿ, ದೊಡ್ಡ ಹಂಡೆ ಎರಡು ಹಾಕು" ಎಂದರೆ ಮುಗಿಯಿತು. ಕೊನೆಯ ಪಂಕ್ತಿಯವರು ಎದ್ದಾಗ ಹಂಡೆಯ ತಳದಲ್ಲಿ ಬಡಿಸಿದವರಿಗೆ ಸಾಕಾಗುವಷ್ಟೇ ಅನ್ನ ಉಳಿದಿರುತ್ತಿತ್ತು. ನಾನು ಲಾರಿಗೆ ಏರಿಸುವ ಪಾತ್ರೆಗಳೆಲ್ಲ ಆ ಒಂದು ಮಾತಿನ ಮೇಲೆ ನಿಂತಿದ್ದವು. ಬೇರೆ ಅಡಿಗೆಯವರ ಮಾತು ನಂಬಿ ಹಂಡೆ ಹೊರಿಸಿಕೊಂಡು ಹೋಗಿ, ಅರ್ಧ ಪಾತ್ರೆ ಮಸಿಯನ್ನೂ ಕಾಣದೆ ವಾಪಸು ಬಂದ ದಿನಗಳನ್ನು ನಾನು ನೋಡಿದ್ದೇನೆ. ಹಾಗಾಗಿ ಭಟ್ಟರ ತಲೆಯೊಳಗಿನದನ್ನು ಹೇಗಾದರೂ ಮಾಡಿ ಈ ಮಣೆಯೊಳಗೆ ಬಸಿದಿಟ್ಟುಕೊಳ್ಳಬೇಕು ಎಂಬ ಆಸೆ ನನಗೆ ಬಂದದ್ದು ವಿದ್ಯೆಯ ಮೇಲಿನ ಪ್ರೀತಿಯಿಂದಲ್ಲ. ಆದರೆ ಗೆಳೆಯರೇ, ಸ್ವಾರ್ಥದಿಂದ ಹೊರಟವನಿಗೂ ದಾರಿಯಲ್ಲಿ ಒಳ್ಳೆಯ ಗಾಳಿ ಬೀಸುತ್ತದೆ.

ಭಟ್ಟರಿಗೆ ಯಂತ್ರ ತೋರಿಸಿದಾಗ ಅವರು ಅದರ ಮೇಲೆ ಕೈಯಾಡಿಸಿ, ಜೊತೆಗೆ ಬಂದಿದ್ದ ಮಗಳನ್ನು ಕೇಳಿದರು, "ಎಂತ ಕೂಸೆ, ಇದಕ್ಕೆ ಮೂಗು ಇದ್ದಾ?"

"ಇಲ್ಲೆ ಅಪ್ಪಯ್ಯ."

"ನಾಲಗೆ?"

"ಅದೂ ಇಲ್ಲೆ."

"ಹಾಂಗಾರೆ ಅಡ್ಡಿಲ್ಲೆ. ಹೇಳಿದ್ದು ಕೇಳ್ತು" ಎಂದರು.

ಮಗಳ ಹೆಸರು ಕಾವೇರಿ. ಪಿಯುಸಿಯವರೆಗೆ ಓದಿದವಳು, ಹದಿನೈದು ವರ್ಷದಿಂದ ಅಪ್ಪನ ಬೆನ್ನಿಗೆ ನಿಂತು ಮದುವೆಯ ಒಲೆಗಳನ್ನು ನಡೆಸಿದವಳು. ಕೆಲಸವೆಲ್ಲ ಅವಳದು, ಕೆಲಸ ಒಪ್ಪಿಸುವ ವೀಳ್ಯ ಮಾತ್ರ ಭಟ್ಟರಿಗೆ. ದೊಡ್ಡ ಮನೆಗಳ ಮದುವೆಯ ಅಡಿಗೆಯನ್ನು ಹೆಂಗಸೊಬ್ಬಳ ಹೆಸರಿಗೆ ಒಪ್ಪಿಸುವ ಪದ್ಧತಿ ನಮ್ಮ ಕಡೆ ಆಗ ಇರಲಿಲ್ಲ. ಅದನ್ನು ಯಾರೂ ನಿಯಮ ಅಂತ ಬರೆದಿಟ್ಟಿರಲಿಲ್ಲ. ಬರೆದಿಡದ ನಿಯಮಗಳು ಎಷ್ಟು ಗಟ್ಟಿ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಮೊದಲು ನಾನು ಮಾಡಿದ ಪೆದ್ದುತನ ಹೇಳುತ್ತೇನೆ. ಭಟ್ಟರು ಹೇಳಿದ್ದನ್ನೆಲ್ಲ ನೇರವಾಗಿ ಬೇಸಿಕ್ಕಿನ ಸಾಲುಗಳಿಗೆ ಇಳಿಸುತ್ತ ಹೋದೆ. ಹೀಗಿದ್ದರೆ ಇಷ್ಟು ಹೆಚ್ಚಿಸು, ಹಾಗಿದ್ದರೆ ಅಷ್ಟು ಕಳೆ. ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲಿಗೆ ಸಂಖ್ಯೆ ಹಾಕಿದರೆ ನಡುವೆ ಒಂಬತ್ತು ಹೊಸ ಸಾಲು ತೂರಿಸಲು ಜಾಗ ಇರುತ್ತದೆ ಎಂದು ಎಂಜಿನಿಯರು ಕಲಿಸಿದ್ದರು. ಅವರು ಭಟ್ಟರನ್ನು ನೋಡಿರಲಿಲ್ಲ. ಭಟ್ಟರ ಬುದ್ಧಿ ಸಂಖ್ಯೆಯ ಕ್ರಮದಲ್ಲಿ ಬರುತ್ತಿರಲಿಲ್ಲ. ಕೈ ತೊಳೆಯುವಾಗ ಒಂದು, ತೀರ್ಥಹಳ್ಳಿಯ ಬಸ್ಸು ಹತ್ತುವಾಗ ಒಂದು, ಹಲಸಿನ ಹಣ್ಣಿನ ವಿಷಯ ಮಾತಾಡುತ್ತಿರುವಾಗ ನಡುವೆ ಒಂದು. "ಮೊದಲನೇ ಮಗಳ ಮದುವೆ ಆದ್ರೆ ನೆಂಟರು ಒಬ್ಬರೂ ತಪ್ಪಿಸಲ್ಲ. ಮೂರನೇದಾದ್ರೆ ಮನೆಗೊಬ್ಬರು." "ಅದೇ ದಿನ ಪಕ್ಕದೂರಲ್ಲೂ ಮದುವೆ ಇದ್ರೆ ಊರಿನವರು ಮುಯ್ಯಿ ಇಲ್ಲಿ ಮಾಡಿ ಊಟ ಅಲ್ಲಿ ಮಾಡ್ತಾರೆ, ಅಲ್ಲಿ ಹೋಳಿಗೆ ಇದ್ರೆ." "ಘಟ್ಟದ ಕೆಳಗಿಂದ ದಿಬ್ಬಣ ಬಂದ್ರೆ ಒಂದೇ ಬಸ್ಸಲ್ಲಿ ಬಂದು ಒಂದೇ ಪಂಕ್ತೀಲಿ ಕೂರ್ತಾರೆ, ಮೊದಲನೇ ಹಂಡೆ ಅವರಿಗೇ ಅಂತ ತಿಳ್ಕೊ." ಒಂಬತ್ತು ಸಾಲಿನ ಜಾಗ ಒಂದೇ ವಾರದಲ್ಲಿ ತುಂಬಿತು. ಆಮೇಲೆ ಅಲ್ಲಿಂದ ಇಲ್ಲಿಗೆ ಹೋಗು, ಇಲ್ಲಿಂದ ಮತ್ತೆಲ್ಲಿಗೋ ಹೋಗು ಎಂದು ಅಪ್ಪಣೆ ಬರೆದೂ ಬರೆದೂ, ನನ್ನ ಪ್ರೋಗ್ರಾಮು ಹುಲಿಕಲ್ ಘಾಟಿಯ ತಿರುವುಗಳ ಹಾಗಾಯಿತು. ಎದುರಿಗೆ ಏನು ಬರುತ್ತದೆಂದು ಡ್ರೈವರಿಗೇ ಗೊತ್ತಿಲ್ಲ.

ಒಂದು ಮಧ್ಯಾಹ್ನ ಕಾವೇರಿ ಸೌಟುಗಳನ್ನು ಹಿಂದಿರುಗಿಸಲು ಬಂದವಳು ಟೀವಿಯ ಮುಂದೆ ನಿಂತು ಬಹಳ ಹೊತ್ತು ಓದಿದಳು. ಅವಳಿಗೆ ಇಂಗ್ಲಿಷು ಸಾಕಷ್ಟು ಬರುತ್ತಿತ್ತು, ಇಫ್ ಎಂದರೇನು ದೆನ್ ಎಂದರೇನು ಅಂತ ವಿವರಿಸುವ ಕಷ್ಟ ಇರಲಿಲ್ಲ.

"ಮಂಜಪ್ಪಣ್ಣ, ನಿಮ್ಮಂಥ ವ್ಯಾಪಾರಸ್ಥರು ಇಂಥ ಕೆಲಸ ಮಾಡ್ತೀರಾ?"

"ಎಂತ ಮಾಡ್ದೆ?"

"ಪಾತ್ರೆ ಮೇಲೇ ಅಡಿಗೆ ಕೆತ್ತಿಬಿಟ್ಟಿದೀರಿ. ಸಾರಿಗೆ ಬೇರೆ ಹಂಡೆ, ಹುಳಿಗೆ ಬೇರೆ ಹಂಡೆ, ಏಕಾದಶಿಯ ಸಾರಿಗೆ ಮತ್ತೊಂದು ಹಂಡೆ ಅಂತ ಎರಕ ಹೊಯ್ಸಿದ್ರೆ ನಿಮ್ಮ ಅಂಗಡಿ ಉಳಿಯುತ್ತಾ? ಪಾತ್ರೆ ಒಂದು ಇಟ್ಕೊಳ್ಳಿ, ಏನು ಹಾಕ್ಬೇಕು ಅನ್ನೋದನ್ನ ಚೀಟೀಲಿ ಬೇರೆ ಬರೀರಿ."

ನಾನು ಅವಳ ಮಾತನ್ನು ಹಾಗೆಯೇ ಇಳಿಸಿ, ಅಷ್ಟರಲ್ಲಿ ವರ್ಗವಾಗಿ ಹೋಗಿದ್ದ ಎಂಜಿನಿಯರಿಗೆ ಅಂಚೆಗೆ ಹಾಕಿದೆ. ಒಂದು ಇನ್‌ಲ್ಯಾಂಡ್ ಪತ್ರದ ತುಂಬ ಸಣ್ಣ ಅಕ್ಷರದಲ್ಲಿ ಉತ್ತರ ಬಂತು. ಆ ಹೆಣ್ಣುಮಗಳು ಹೇಳಿದ್ದು ಸರಿ; ದೊಡ್ಡ ದೊಡ್ಡ ಕಡೆಗಳಲ್ಲಿ ಇದಕ್ಕೆಂದೇ ಬೇರೆ ಭಾಷೆಗಳನ್ನು ಮಾಡಿಕೊಂಡಿದ್ದಾರೆ; ಆದರೆ ನಿಮ್ಮ ಹತ್ತಿರ ಇರುವುದು ಬೇಸಿಕ್, ಅದನ್ನು ಬಿಡಬೇಕಾಗಿಲ್ಲ, ಅದರೊಳಗೇ ಒಂದು ಪುಟ್ಟ ಅಂಗವನ್ನು ಕಟ್ಟಿಕೊಳ್ಳಿ ಎಂದು ಬರೆದಿದ್ದರು. ನಿಯಮಗಳನ್ನೆಲ್ಲ ಕೊನೆಯಲ್ಲಿ ಡೇಟಾ ಸಾಲುಗಳಾಗಿ, ಅಂದರೆ ಆಜ್ಞೆಯಲ್ಲದ ಬರೀ ಮಾಹಿತಿಯ ಸಾಲುಗಳಾಗಿ, ಪೇರಿಸಿ: ಎಡಕ್ಕೆ ಷರತ್ತುಗಳು, ಬಲಕ್ಕೆ ತೀರ್ಮಾನ. ಗೊತ್ತಿರುವ ಸಂಗತಿಗಳ ಒಂದು ಪಟ್ಟಿ ಇಡಿ. ಅವುಗಳ ಮುಂದೆ ನಿಲ್ಲುವ ಪುಟ್ಟ ಪ್ರೋಗ್ರಾಮು ಮಾಡುವ ಕೆಲಸ ಒಂದೇ. ನಿಯಮಗಳನ್ನು ಒಂದು ಸುತ್ತು ಓದುವುದು, ಯಾವುದರ ಷರತ್ತುಗಳೆಲ್ಲ ಪಟ್ಟಿಯಲ್ಲಿವೆಯೋ ಅದರ ತೀರ್ಮಾನವನ್ನೂ ಪಟ್ಟಿಗೆ ಸೇರಿಸುವುದು, ಮತ್ತೆ ಮೊದಲಿಂದ ಓದುವುದು. ಒಂದು ಪೂರ್ತಿ ಸುತ್ತಿನಲ್ಲಿ ಹೊಸದೇನೂ ಸೇರದಿದ್ದರೆ ನಿಲ್ಲುವುದು. ಅಷ್ಟೇ. ಓದುವವನು ನಲವತ್ತು ಸಾಲು, ಓದಿಸಿಕೊಳ್ಳುವ ನಿಯಮ ಎಷ್ಟಾದರೂ ಇರಲಿ.

ಆ ಪತ್ರ ಓದಿದಾಗ ನನಗಾದ ಸುಖವನ್ನು ಹೇಗೆ ಹೇಳಲಿ. ಹೇಳಿದ್ದನ್ನು ಹೇಳಿದ ಕ್ರಮದಲ್ಲಿ ಮಾಡುವ ಆಳು ಇದ್ದಕ್ಕಿದ್ದಂತೆ, ಸಂಗತಿ ನೋಡಿ ತಾನೇ ಒಂದು ತೀರ್ಮಾನಕ್ಕೆ ಬಂದು, ಆ ತೀರ್ಮಾನದಿಂದ ಇನ್ನೊಂದಕ್ಕೆ ಹೋಗುವ ಆಳಾದ. ಭಟ್ಟರು ಈಗ ಯಾವ ಕ್ರಮದಲ್ಲಿ ಬೇಕಾದರೂ ಹೇಳಬಹುದು; ಹಲಸಿನ ಹಣ್ಣಿನ ನಡುವೆಯೂ ಹೇಳಬಹುದು. ನಾನು ಡೇಟಾ ಸಾಲು ಒಂದನ್ನು ಕೊನೆಗೆ ಸೇರಿಸಿದರೆ ಮುಗಿಯಿತು. ನಾವು ಎಷ್ಟೊಂದು ಸಲ ನಮ್ಮ ಬದುಕಿನ ಸಾಲುಗಳ ನಡುವೆ ಜಾಗವಿಲ್ಲ ಎಂದು ಹಲುಬುತ್ತೇವೆ. ಜಾಗ ಸಾಲದೇ ಹೋಗುವುದಕ್ಕೆ ಕಾರಣ ಎಷ್ಟೋ ಸಲ, ಬೇರೆ ಬೇರೆ ಇಡಬೇಕಾದ ಎರಡನ್ನು ಒಟ್ಟಿಗೆ ಕಲಸಿಟ್ಟದ್ದು. ತತ್ವ ಸಾಕು, ಆಮೇಲೆ ಏನಾಯಿತು ಎಂದರೆ, ಯಂತ್ರ ನಿಲ್ಲಲೇ ಇಲ್ಲ.

ಭಟ್ಟರು ಅಂದು ಎರಡು ನಿಯಮ ಹೇಳಿದ್ದರು. ಜನ ಹೆಚ್ಚಾದರೆ ಪಾಯಸ ಹೆಚ್ಚು ಮಾಡಬೇಕು. ಪಾಯಸ ಹೆಚ್ಚಿದೆಯೆಂದು ಗೊತ್ತಾದರೆ ಜನ ಹೆಚ್ಚು ಬರುತ್ತಾರೆ. ಎರಡೂ ಸತ್ಯ. ಯಂತ್ರ ಎರಡನ್ನೂ ನಂಬಿ, ಜನಕ್ಕೆ ಪಾಯಸ, ಪಾಯಸಕ್ಕೆ ಜನ ಎಂದು ಏರಿಸುತ್ತ ಹೋಯಿತು. ಇನ್ನೂರು ಜನರ ಉಪನಯನಕ್ಕೆ ಮೂರು ತಾಲೂಕಿನ ಪ್ರಜೆಗಳೂ ಸಾಲದಷ್ಟು ಎಲೆ ಹಾಕಿಸಿತು. ಕರೆಂಟು ಹೋದ್ದರಿಂದ ಉಳಿದುಕೊಂಡೆವು. ಪಕ್ಕದಲ್ಲೇ ಅಷ್ಟು ದೊಡ್ಡ ಅಣೆಕಟ್ಟು ಇಟ್ಟುಕೊಂಡು ಕರೆಂಟು ಹೋಗುವುದಕ್ಕೆ ನಾನು ಕೃತಜ್ಞನಾದದ್ದು ಅದೊಂದು ದಿನ. ಒಂದು ನಿಯಮವನ್ನು ಒಂದು ಮದುವೆಗೆ ಒಂದೇ ಸಲ ಬಳಸಬೇಕು ಎಂಬ ಕಟ್ಟಳೆಯನ್ನು ನಾನು ಓದುವವನಿಗೆ ಹಾಕಿದ್ದು ಆಮೇಲೆ.

ಇನ್ನೊಂದು ತೊಡಕು ನಿಯಮಗಳ ಜಗಳ. ಸಂತೆಯ ದಿನವಾದರೆ ಜನ ಹೆಚ್ಚು ಎನ್ನುತ್ತದೆ ಒಂದು; ಮನೆಯವರಿಗೆ ಊರಿನಲ್ಲಿ ಕೋರ್ಟಿನ ವ್ಯಾಜ್ಯ ಇದ್ದರೆ ಜನ ಕಡಿಮೆ ಎನ್ನುತ್ತದೆ ಮತ್ತೊಂದು. ಎರಡೂ ಒಟ್ಟಿಗೆ ಬಂದರೆ ಯಂತ್ರ ಯಾರ ಮಾತು ಕೇಳಬೇಕು? ಭಟ್ಟರನ್ನು ಕೇಳಿದೆ. "ಅದಕ್ಕೆ ಬೇರೆ ಮಾತು ಇದೆ ಮಾರಾಯ. ಸಂತೇನೂ ಇದ್ದು ವ್ಯಾಜ್ಯಾನೂ ಇದ್ರೆ, ವ್ಯಾಜ್ಯದವರು ಬರಲ್ಲ, ಯಾರು ಬರ್ಲಿಲ್ಲ ಅಂತ ನೋಡೋಕೆ ಬರೋರು ದುಪ್ಪಟ್ಟು." ಅಂದರೆ ಹೆಚ್ಚು ಷರತ್ತು ಹೊತ್ತ ನಿಯಮ ಹೆಚ್ಚು ತಿಳಿದು ಆಡಿದ ಮಾತು, ಅದು ಮುಂದೆ ನಿಲ್ಲಬೇಕು. ಷರತ್ತುಗಳನ್ನು ಎಣಿಸುವುದು ಯಂತ್ರಕ್ಕೆ ಸುಲಭ. ಹಾಗೆ ಮಾಡಿದೆ, ಜಗಳ ನಿಂತಿತು. ಮನುಷ್ಯರ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಇದರ ವಿರುದ್ಧ ನಡೆಯುತ್ತದೆ, ಕಡಿಮೆ ತಿಳಿದವನ ದನಿ ಮೇಲಿರುತ್ತದೆ.

ಕೊನೆಯದಾಗಿ, ಉತ್ತರ ಬಂದ ಮೇಲೆ 'ಯಾಕೆ' ಎಂದು ಬೆರಳಚ್ಚಿಸಿದರೆ ಯಾವ ಯಾವ ನಿಯಮ ಹಿಡಿದು ಇಲ್ಲಿಗೆ ಬಂದೆ ಎಂದು ಯಂತ್ರ ಒಂದೊಂದಾಗಿ ತೋರಿಸುವ ಹಾಗೆ ಮಾಡಿದೆ. ಭಟ್ಟರಿಗೆ ಇದು ಬಹಳ ಹಿಡಿಸಿತು. ಕಣ್ಣು ಮಂಜಾದ್ದರಿಂದ ಅವರು ಕೇಳುವುದು, ಕಾವೇರಿ ಓದುವುದು. ತಾವೇ ಹೇಳಿದ ಮಾತು ತಮಗೇ ಇಂಗ್ಲಿಷಿನ ಅಕ್ಷರದಲ್ಲಿ ಹಿಂದಿರುಗಿ ಬರುವುದನ್ನು ತಲೆದೂಗುತ್ತ ಕೇಳುತ್ತಿದ್ದರು. ಕಾವೇರಿ ಒಮ್ಮೆ ಓದುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ ಹೇಳಿದಳು, "ಹದಿನೈದು ವರ್ಷ ನಾನು ಯಾಕೆ ಅಂತ ಕೇಳ್ದಾಗೆಲ್ಲ 'ಸುಮ್ನೆ ಒಲೆ ನೋಡು' ಅಂದ್ರು. ಪೆಟ್ಟಿಗೆ ಕೇಳ್ತು ಅಂತ ಒಂದೂ ಬಿಡದೆ ಹೇಳ್ತಿದಾರೆ." ಭಟ್ಟರು ಕೇಳಿಸದವರಂತೆ ಎಲೆಯಡಿಕೆ ಹುಡುಕಿದರು.

ಆ ವೈಶಾಖದಲ್ಲಿ ಭಟ್ಟರ ಕಣ್ಣಿನ ಆಪರೇಷನ್ನು ನಡೆಯಿತು. ಅದಕ್ಕೆ ಮೊದಲೇ ಅವರು ಹುಲಿಕಲ್ ಹತ್ತಿರದ ತಿಮ್ಮಪ್ಪ ಗೌಡರ ಮಗಳ ಮದುವೆಗೆ ವೀಳ್ಯ ತೆಗೆದುಕೊಂಡಿದ್ದರು. ಗಂಡಿನವರು ಘಟ್ಟದ ಕೆಳಗಿನವರು, ಅನುಕೂಲಸ್ಥರು. ಅಡಿಗೆಯ ಉಸ್ತುವಾರಿ ಕಾವೇರಿಯದು ಎಂದು ಗೊತ್ತಾಗಿ ಗೌಡರು ನೇರ ನನ್ನ ಅಂಗಡಿಗೆ ಬಂದರು.

"ಮಂಜಪ್ಪ, ಭಟ್ರ ಮಗಳ ಕೈರುಚಿಗೆ ನಾನು ಹೆಸರಿಡಲ್ಲ. ಆದ್ರೆ ಅಂದಾಜು ಯಾರ್ದು? ಅನ್ನ ಕಡಿಮೆ ಬಿದ್ರೆ ಬೀಗರು ಘಟ್ಟ ಇಳಿಯೋವರೆಗೂ ಅದನ್ನೇ ಆಡ್ತಾರೆ. ಹೆಣ್ಣುಮಗಳ ಲೆಕ್ಕ ನಂಬಿ ನಾನು ಪಂಕ್ತಿ ಹಾಕೋಕಾಗಲ್ಲ. ಸಾಗರದಿಂದ ಬೇರೆ ಜನ ಕರೆಸ್ತೀನಿ."

"ಅಂದಾಜು ಅವಳದಲ್ಲ ಗೌಡ್ರೆ, ಕಂಪ್ಯೂಟರ್ದು" ಎಂದೆ. ಗೌಡರನ್ನು ಒಳಗೆ ಕೂರಿಸಿ ಯಂತ್ರ ತೋರಿಸಿದೆ. ಅಡಿಗೆ, ಪಾತ್ರೆ, ಶಾಮಿಯಾನ ಸೇರಿ ಎಲೆಗೆ ಇಷ್ಟು, ಅಂದರೆ ಮೊದಲೇ ಹೇಳಿದ ಜನರ ತಲೆಗೆ ಇಷ್ಟು, ಎಂದು ಒಂದೇ ದರ ಹೇಳಿದೆ. ಅದು ನಾನು ಹೊಸದಾಗಿ ಕಂಡುಹಿಡಿದ ವ್ಯಾಪಾರದ ಕ್ರಮ. ಎಷ್ಟು ಜನ ಅಂತ ಕೇಳಿದೆ. ಗೌಡರು ಸ್ವಲ್ಪ ಯೋಚಿಸಿ, "ನಾವೇನು ದೊಡ್ಡ ಜನವಾ. ಒಂದು ನಾನೂರು" ಎಂದರು. ಬರೆದೆ. ದಿಬ್ಬಣದ ಬಸ್ಸಿಗೆ ಐವತ್ತು ಸೇರಿಸಿ ಯಂತ್ರ ಹೇಳಿತು: ನಾನೂರೈವತ್ತು ಎಲೆ, ಅರವತ್ತಮೂರು ಸೇರು ಅಕ್ಕಿ. ಯಾಕೆ ಎಂದು ಕೇಳಿ ತೋರಿಸಿದೆ. ಗೌಡರು ಎದ್ದು ನಿಂತು ಯಂತ್ರಕ್ಕೆ ಕೈ ಮುಗಿಯುವುದೊಂದು ಬಾಕಿ. ಕಾವೇರಿಯೇ ಇರಲಿ ಎಂದು ಒಪ್ಪಿ ಹೋದರು.

ನಾನು ಬೀಗುತ್ತ ಹೋಗಿ ಕಾವೇರಿಗೆ ಹೇಳಿದೆ. ಅವಳು ಬೀಗಲಿಲ್ಲ.

"ಅಂದ್ರೆ ಸೌಟು ನಂದು, ತಲೆ ಪೆಟ್ಟಿಗೇದು."

"ಮೊದಲು ಬಾಗಿಲು ದಾಟು ಮಾರಾಯ್ತಿ, ಆಮೇಲೆ ತಲೆ ತೋರ್ಸು."

"ಸರಿ ಮಂಜಪ್ಪಣ್ಣ. ಆದ್ರೆ ಒಂದು ತಿಳ್ಕೊಳ್ಳಿ. ಸರಿಯಾದ್ರೆ ಪೆಟ್ಟಿಗೆ ಸರಿ ಅಂತಾರೆ. ತಪ್ಪಿದ್ರೆ ಪೆಟ್ಟಿಗೆಗೆ ಯಾರೂ ಬಯ್ಯಲ್ಲ, ಇನ್ನು ಯಾವ ಮನೆಗೂ ನನ್ನನ್ನ ಕರೆಯಲ್ಲ."

ಇಂಥ ಮಾತು ಬಂದಾಗ ನಾನು ಪಾತ್ರೆ ಎಣಿಸುತ್ತೇನೆ, ಎಣಿಸಿದೆ.

ಮದುವೆಯ ದಿನ ಬೆಳಿಗ್ಗೆ ಒಲೆಗಳು ಹೊತ್ತಿದ್ದವು. ಭಟ್ಟರು ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಬರಬೇಡಿ ಎಂದರೂ ಬಂದಿದ್ದರು. ಕಾವೇರಿ ಅವರಿಗೊಂದು ಕುರ್ಚಿ ತಂದಳು. ಅವರು, "ಕುರ್ಚಿ ಎಂತಕ್ಕೆ ಕೂಸೆ, ಎನ್ನ ಜಾಗದಲ್ಲಿ ಕೂರ್ಸು" ಎಂದರು. ಅವರ ಜಾಗ ಎಂದರೆ ಉಗ್ರಾಣದ ಪಕ್ಕ ಬಾಳೆಯೆಲೆಯ ಕಟ್ಟುಗಳನ್ನು ಒಟ್ಟಿದ್ದ ಮೂಲೆ. ಪ್ರತಿ ಮದುವೆಯಲ್ಲೂ ಬೆಳಗಿನ ಕಾಫಿ ಕುಡಿಯುತ್ತಿದ್ದದ್ದು ಅಲ್ಲಿ ನಿಂತೇ. ಅದನ್ನು ನಾವೆಲ್ಲ ತಂಪಿಗೆ ಎಂದುಕೊಂಡಿದ್ದೆವು. ಕಾವೇರಿ ಅವರನ್ನು ಅಲ್ಲಿ ಕೂರಿಸಿ ಕಾಫಿ ಲೋಟ ಕೊಟ್ಟಳು. ಭಟ್ಟರು ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯನ್ನು ಕಟ್ಟುಗಳ ಮೇಲೆ ಮೆಲ್ಲನೆ ಆಡಿಸುತ್ತ, ಸುಮ್ಮನೆ ಮಾತಿಗೆಂಬಂತೆ ಕೇಳಿದರು:

"ಎಷ್ಟು ಸೇರು ಹಾಕ್ದೆ?"

"ಅರವತ್ತಮೂರು."

"ಅಷ್ಟು ಸಾಕಾಗ್ತಿಲ್ಲೆ."

"ಎಂತಕ್ಕೆ ಅಪ್ಪಯ್ಯ?"

ಭಟ್ಟರು ಯೋಚಿಸಿದರು. "ಗೊತ್ತಿಲ್ಲೆ. ಸಾಕಾಗ್ತಿಲ್ಲೆ ಹೇಳಿ ಕಾಣ್ತು."

ಕಾವೇರಿ ಅವರ ಮುಖ ನೋಡಲಿಲ್ಲ, ಕೈ ನೋಡಿದಳು. ಆ ಕೈ ಇನ್ನೂ ಎಲೆಯ ಮೇಲೆಯೇ ಇತ್ತು. ಅವಳು ಬಗ್ಗಿ ಕಟ್ಟುಗಳನ್ನು ಎಣಿಸಿದಳು. ಕಟ್ಟಿಗೆ ಐವತ್ತು ಎಲೆ, ಹದಿನೈದು ಕಟ್ಟು. ಹರಿದದ್ದಕ್ಕೆ ಒಂದು ಕಟ್ಟು ಕಳೆದರೂ ಏಳುನೂರು.

ನಲವತ್ತು ವರ್ಷ ಭಟ್ಟರು ಮಾಡುತ್ತಿದ್ದದ್ದು ಅದನ್ನೇ: ಮನೆಯವರ ಮಾತಿನಿಂದ ಕಟ್ಟಿದ ಅಂದಾಜನ್ನು ಮದುವೆಯ ಬೆಳಿಗ್ಗೆ ಎಲೆಯ ಕಟ್ಟು ನೋಡಿ ತಿದ್ದಿಕೊಳ್ಳುವುದು. ಮಾಡುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ, ಅದಕ್ಕೇ ನಮಗೆ ಹೇಳಿರಲಿಲ್ಲ. ನಮ್ಮ ಕಡೆ ಮರ್ಯಾದಸ್ಥ ಮನುಷ್ಯ ನನ್ನ ಮನೆಗೆ ಏಳುನೂರು ಜನ ಬರುತ್ತಾರೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಜಂಬವಾಗುತ್ತದೆ, ದೃಷ್ಟಿಯಾಗುತ್ತದೆ. ನಾಲ್ಕು ಜನ ಬರ್ತಾರೆ ಎನ್ನುವುದೇ ಸಭ್ಯತೆ. ಆದರೆ ಮನೆಯವರು ಎಲೆ ಕುಯ್ಯುವಾಗ ಸಭ್ಯತೆ ನೋಡಲಾಗುವುದಿಲ್ಲ, ಬರುವಷ್ಟು ಜನಕ್ಕೆ ಕುಯ್ಯಲೇಬೇಕು. ಇದರ ಮೇಲೆ ನಾನು ಎಲೆಗೆ ಇಷ್ಟು ಎಂದು ದರ ಹೇಳಿ, ಸಭ್ಯತೆಯಿಂದ ಕಡಿಮೆ ಹೇಳುವವರಿಗೆ ಇನ್ನೂ ಕಡಿಮೆ ಹೇಳಲು ಒಳ್ಳೆಯ ಕಾರಣ ಒದಗಿಸಿದ್ದೆ. ಚೌಕಾಸಿ ಮಾಡುವಾಗ ಎದುರಿನವನು ಹೇಳುವ ಅಂಕಿಯನ್ನು ನಾನು ಹುಟ್ಟಿದಾಗಿನಿಂದ ನಂಬಿದವನಲ್ಲ. ಯಂತ್ರದ ಮುಂದೆ ಕೂತಾಗ ಮಾತ್ರ ನಂಬಿ ಬೆರಳಚ್ಚಿಸಿದೆ. ನಿಯಮಗಳಲ್ಲಿ ಒಂದೂ ತಪ್ಪಿರಲಿಲ್ಲ, ತಪ್ಪಿದ್ದದ್ದು ಅವುಗಳಿಗೆ ಉಣ್ಣಿಸಿದ ಸಂಗತಿಯಲ್ಲಿ.

"ಇನ್ನು ಮೂವತ್ತೈದು ಸೇರು ಬೇಕು" ಎಂದಳು ಕಾವೇರಿ.

ನಾನು ಹೆದರಿದೆ. "ಕಂಪ್ಯೂಟರ್ ಲೆಕ್ಕ ಅಂತ ಗೌಡ್ರಿಗೆ ಹೇಳಿಬಿಟ್ಟಿದೀನಿ. ಅನ್ನ ಮಿಕ್ಕಿ ಚೆಲ್ಲಿದ್ರೆ ಹೆಂಗಸಿಗೆ ಅಂದಾಜಿಲ್ಲ ಅಂತಾರೆ. ಚೀಟೀಲಿದ್ದಷ್ಟೇ ಮಾಡು, ತಪ್ಪು ಪೆಟ್ಟಿಗೆ ಮೇಲೆ ಹೋಗ್ಲಿ."

"ಪೆಟ್ಟಿಗೆ ಮೇಲೆ ಹೋಗಲ್ಲ ಅಂತ ನಿಮಗೆ ಆವತ್ತೇ ಹೇಳಿದೀನಲ್ಲ" ಎಂದಳು. ಆಮೇಲೆ ಅವಳು ಮಾಡಿದ್ದನ್ನು ನೋಡಿ ನಾನು ಚೌಕಾಸಿಯ ಹೊಸ ಪಾಠ ಕಲಿತೆ. ಅವಳು ಅಕ್ಕಿಯನ್ನು ಒಮ್ಮೆಗೇ ಸುರಿಯಲಿಲ್ಲ. ಉಗ್ರಾಣದಿಂದ ಮೂವತ್ತೈದು ಸೇರು ಅಳೆಸಿ ತೊಳೆದು ಬುಟ್ಟಿಯಲ್ಲಿಟ್ಟಳು; ನನ್ನ ಹತ್ತಿರ ಇದ್ದ ಒಂದು ಹೆಚ್ಚಿನ ಹಂಡೆಯಲ್ಲಿ ನೀರು ಕುದಿಯಲು ಇಟ್ಟಳು. ನೀರು ಕುದಿದು ವ್ಯರ್ಥವಾದರೆ ಸೌದೆಯಷ್ಟೇ ನಷ್ಟ; ತೊಳೆದ ಅಕ್ಕಿ ಮಿಕ್ಕರೆ ಮರುದಿನದ ದೋಸೆಗೆ ಆಗುತ್ತದೆ. ಬೇಕೆಂದಾಗ ಅರ್ಧ ಗಂಟೆಗೆ ಅನ್ನ.

ಬೇಕಾಯಿತು. ಎರಡನೇ ಪಂಕ್ತಿ ಏಳುವ ಮೊದಲೇ ಮೂರನೆಯದಕ್ಕೆ ಜನ ಕಂಬಗಳಿಗೆ ಒರಗಿ ನಿಂತಿದ್ದರು. ಗೌಡರ ಮುಖದಲ್ಲಿ ಬೆವರು. ತಾವು ಹೇಳಿದ ನಾನೂರು ಎಷ್ಟು ನಾನೂರು ಎಂಬುದು ಅವರಿಗೆ ಗೊತ್ತಿತ್ತಲ್ಲ. ಕಾವೇರಿ ಅಕ್ಕಿಯನ್ನು ಎರಡು ಕಂತಿನಲ್ಲಿ ನೀರಿಗೆ ಬಿಟ್ಟಳು. ಹುಳಿಗೆ ಬೇಳೆ ಬೇರೆ ಬೇಯಿಸಿಟ್ಟಿದ್ದಳು, ಅದನ್ನು ನಾನು ನೋಡಿಯೇ ಇರಲಿಲ್ಲ. ದಿಬ್ಬಣದವರು ಎರಡನೇ ಸಲ ಅನ್ನ ಹಾಕಿಸಿಕೊಂಡರು. ಕೊನೆಯ ಪಂಕ್ತಿಯವರು ಕೈ ತೊಳೆಯಲು ಎದ್ದಾಗ ನಾನು ಹಂಡೆಗೆ ಬಗ್ಗಿ ನೋಡಿದೆ. ಬಡಿಸಿದವರಿಗೆ ಸಾಕಾಗುವಷ್ಟು.

ಗೌಡರು ಬೀಗರನ್ನು ಕರೆದುಕೊಂಡು ಅಡಿಗೆಯ ಚಪ್ಪರಕ್ಕೇ ಬಂದರು. "ನೋಡಿ, ಇವರೇ ಮಂಜಪ್ಪ. ಎಲ್ಲ ಕಂಪ್ಯೂಟರ್ ಲೆಕ್ಕ. ಒಂದು ಅಗುಳು ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದರು. ಬೀಗರು ನನ್ನನ್ನು ಗೌರವದಿಂದ ನೋಡಿದರು. ಗೆಳೆಯರೇ, ಸುಳ್ಳು ಹೇಳುವುದಿಲ್ಲ, ಆ ಕ್ಷಣದಲ್ಲಿ ನನಗೆ ಘಟ್ಟದ ಕೆಳಗಿನ ಮದುವೆಗಳೆಲ್ಲ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಸುಮ್ಮನೆ ತಲೆದೂಗಿದರೆ ಸಾಕಿತ್ತು. ಕಾವೇರಿ ಹಂಡೆಯ ಆಚೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ನೋಡಲೂ ಇಲ್ಲ, ನಾನು ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿದ್ದಂತಿತ್ತು. ಆ ಗೊತ್ತಿದ್ದಂತಿದ್ದದ್ದೇ ನನಗೆ ಚುಚ್ಚಿತು.

"ಕಂಪ್ಯೂಟರ್ ಹೇಳಿದ್ದು ಅರವತ್ತಮೂರು ಸೇರು ಗೌಡ್ರೆ" ಎಂದೆ. "ಬೆಂದದ್ದು ತೊಂಬತ್ತೆಂಟು. ನಡುವಿನದು ಇವಳ ಲೆಕ್ಕ. ನಾನು ಬೇಡ ಅಂದೆ, ಇವಳು ಕೇಳ್ಲಿಲ್ಲ."

ಗೌಡರು ಬಾಯಿ ತೆರೆದು, ನಾನೂರು ಎಂದವರು ಯಾರು ಎಂಬುದು ನೆನಪಾಗಿ, ಮುಚ್ಚಿದರು. ಅವರ ಹೆಂಡತಿ ಮಾತ್ರ ಹಿಂದಿನಿಂದ ಮುಂದೆ ಬಂದು, "ನಮ್ಮ ಎರಡನೇದಕ್ಕೂ ಗಂಡು ನೋಡ್ತಿದೀವಿ ಕಾವೇರಮ್ಮ. ದಿನ ಗೊತ್ತಾದ್ ತಕ್ಷಣ ನಿಮಗೇ ವೀಳ್ಯ ಕಳಿಸ್ತೀನಿ" ಎಂದರು. ನಿಮಗೇ ಎಂದದ್ದನ್ನು ಭಟ್ಟರು ಕೇಳಿಸಿಕೊಂಡರು. ಕಪ್ಪು ಕನ್ನಡಕದ ಹಿಂದೆ ಏನಾಯಿತೋ ಕಾಣಲಿಲ್ಲ.

ಇನ್ನು ನಿಮಗೆ ನನ್ನ ಸಲಹೆ. ನಿಮ್ಮ ಹತ್ತಿರ ಯಾವುದೇ ಹಳೆಯ ಭಾಷೆ ಇರಲಿ, ಅದಕ್ಕೆ ಬುದ್ಧಿ ಕಲಿಸುವ ಮನಸ್ಸಾದರೆ ಹೊಸ ಯಂತ್ರಕ್ಕೆ ಓಡಬೇಡಿ, ಇದ್ದದ್ದರಲ್ಲೇ ಕಟ್ಟಿ, ಅಗ್ಗವಾಗುತ್ತದೆ. ನಿಯಮವನ್ನೂ ಓದುವವನನ್ನೂ ಬೇರೆ ಇಡಿ. ಎಲ್ಲಿ ನಿಲ್ಲಬೇಕೆಂದು ಮೊದಲೇ ಹೇಳಿಡಿ. ಯಾಕೆ ಎಂದು ಕೇಳಲು ಒಂದು ಬಾಗಿಲು ಬಿಡಿ. ಸಂಗತಿ ತುಂಬಿಸುವಾಗ, ಕಡಿಮೆ ಹೇಳಿದರೆ ಲಾಭವಾಗುವವನ ಬಾಯಿಂದ ಅಂಕಿ ಕೇಳಬೇಡಿ. ಇದೆಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ನಿಯಮದ ಪಕ್ಕದಲ್ಲಿ ಅದನ್ನು ಹೇಳಿದವರು ಯಾರು ಎಂದು ಬರೆಯಲು ಒಂದು ಕೋಣೆ ಇಡಿ. ಆಗ ಯಾಕೆ ಎಂದು ಕೇಳಿದವರಿಗೆ ಯಂತ್ರ, ಗಣಪಯ್ಯ ಹೇಳಿದರು, ಕಾವೇರಿ ಹೇಳಿದಳು ಎಂದು ತಾನಾಗಿ ಹೇಳುತ್ತದೆ. ನಿಯಮ ಕೈಕೊಟ್ಟ ದಿನ ಯಾರ ಮನೆಗೆ ಹೋಗಿ ಕೇಳಬೇಕೆಂದು ನಿಮಗೂ ಗೊತ್ತಿರುತ್ತದೆ. ಒಂದು ಹೆಸರಿಗೆ ಹನ್ನೆರಡು ಅಕ್ಷರದ ಜಾಗ ಧಾರಾಳ. ಯಂತ್ರದ ನೆನಪಿನಲ್ಲಿ ಅಷ್ಟೂ ಜಾಗ ಉಳಿದಿಲ್ಲವೆಂದರೆ, ಶುರುವಿನಲ್ಲಿ ದೊಡ್ಡದಾಗಿ ಬರುವ ನಿಮ್ಮ ಅಂಗಡಿಯ ಹೆಸರನ್ನು ಅಳಿಸಿ. ನಾನು ಅಳಿಸಿ ನೋಡಿದ್ದೇನೆ, ಹದಿನೆಂಟು ಜನರ ಹೆಸರಿಗೆ ಜಾಗವಾಗುತ್ತದೆ.